ಕಣ್ಣೆದುರಿನ ಡೈವ್ ಕಂಪ್ಯೂಟರ್: ಬಳಸಿದವರು ಅನುಭವ ಹೇಳಿ

ಪ್ರಶ್ನೆ:
ನನಗೆ 51 ವರ್ಷ. ನೇತ್ರಾಣಿ, ಅಂಡಮಾನಿನ ಹ್ಯಾವ್‌ಲಾಕ್ ಎರಡೂ ಸೇರಿ ಸುಮಾರು 60 ಸ್ಕೂಬಾ ಡೈವ್ ಆಗಿವೆ. ಈಗ ಚಾಳೀಸು ಬಂದಿದೆ. ಕೈಗೆ ಕಟ್ಟಿದ, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರಿನ ಅಂಕಿಗಳು ನೀರಿನೊಳಗೆ ಕಾಣುವುದೇ ಇಲ್ಲ. ಕಣ್ಣಿನ ಮುಂದೆಯೇ ಅಂಕಿ ತೋರಿಸುವ ಹೆಡ್ಸ್-ಅಪ್ ಡಿಸ್‌ಪ್ಲೇ (ಹಡ್) ಕೊಳ್ಳಲೇ? ಬೆಲೆ ಲಕ್ಷ ದಾಟುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಮೈಸೂರಿನಿಂದ:
ಸರ್, ನಾನೂ ಇದೇ ತೊಂದರೆಗೆ ಸ್ಕೂಬಾಪ್ರೋ ಗೆಲಿಲಿಯೋ ಹಡ್ ತೆಗೆದುಕೊಂಡೆ. ಎರಡು ಸೀಸನ್ ಬಳಸಿದ್ದೇನೆ. ಮಾಸ್ಕ್‌ನ ಹೊರಗಡೆ ಕೂರುವ ಸಣ್ಣ ಪೆಟ್ಟಿಗೆ ಅದು. ಒಳಗಿನ ಲೆನ್ಸ್ ಚಿತ್ರವನ್ನು ದೂರಕ್ಕೆ ತಳ್ಳುತ್ತದೆ. ಹಾಗಾಗಿ ಅಂಕಿಗಳು ನೀರಿನಲ್ಲಿ ಮುಂದೆ ಎಲ್ಲೋ ತೇಲಿದಂತೆ ಕಾಣುತ್ತವೆ. ಚಾಳೀಸು ಇದ್ದವರಿಗೂ ಸ್ಪಷ್ಟವಾಗಿ ಕಾಣುವುದು ಈ ಕಾರಣಕ್ಕೇ.

ನನಗೆ ತುಂಬ ಉಪಯೋಗವಾಗಿದ್ದು ಮೇಲೆ ಬರುವಾಗ. ಹಗ್ಗವಿಲ್ಲ, ಸುತ್ತ ಬರೀ ನೀಲಿ, ಒಂದು ಕೈಯಲ್ಲಿ ಬಿಸಿಡಿಯ (ಗಾಳಿ ತುಂಬುವ ಜಾಕೆಟ್ಟಿನ) ಇನ್‌ಫ್ಲೇಟರ್, ಇನ್ನೊಂದರಲ್ಲಿ ಎಸ್‌ಎಂಬಿ (ನಾವಿರುವ ಜಾಗ ತೋರಿಸಲು ಮೇಲಕ್ಕೆ ಬಿಡುವ ಬಲೂನು) ರೀಲು. ಆಗ ಕೈ ತಿರುಗಿಸಿ ನೋಡುವುದು ಕಷ್ಟ ಅಲ್ವಾ? ಈಗ ನಿಮಿಷಕ್ಕೆ 9 ಮೀಟರ್ ಮೀರದ ಹಾಗೆ ಏರುವುದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು ಸುಲಭವಾಗಿದೆ. ಟ್ಯಾಂಕಿನ ಕಡೆ ಟ್ರಾನ್ಸ್‌ಮಿಟರ್ ಹಾಕಿದರೆ ಎಷ್ಟು ಬಾರ್ ಗಾಳಿ ಉಳಿದಿದೆ ಎಂದೂ ಅಲ್ಲೇ ಕಾಣುತ್ತದೆ.

ತೊಂದರೆಯನ್ನೂ ಹೇಳಲೇಬೇಕು. ಮೊದಲ ನಾಲ್ಕೈದು ಡೈವ್ ನಾನು ಮೀನು ನೋಡಲಿಲ್ಲ, ಅಂಕಿ ನೋಡಿದೆ. ಬಲಗಣ್ಣಿನ ಕಡೆ ಸ್ವಲ್ಪ ಮರೆಯಾಗುತ್ತದೆ, ಆದ್ದರಿಂದ ಜೊತೆಗಾರರನ್ನು ಎಡಕ್ಕೆ ಇರಿಸಿಕೊಳ್ಳುತ್ತೇನೆ. ಮಾಸ್ಕ್ ಗಾಜಿಗೂ ಪೆಟ್ಟಿಗೆಗೂ ನಡುವೆ ಗುಳ್ಳೆ ಸಿಕ್ಕಿಕೊಂಡರೆ ಅಂಕಿ ಮಸುಕಾಗುತ್ತದೆ. ಬೆರಳಾಡಿಸಿದರೆ ಸಾಕು.

ಒಮ್ಮೆ 14 ಮೀಟರ್‌ನಲ್ಲಿ ಮುಂದಿದ್ದವರ ಫಿನ್ ಬಡಿದು ನನ್ನ ಮಾಸ್ಕ್ ಕಿತ್ತುಬಂತು. ಕೈಯಲ್ಲಿ ಹಿಡಿದುಕೊಂಡೆ, ಆದರೆ ಮತ್ತೆ ಹಾಕಿಕೊಂಡು ನೀರು ತೆಗೆಯುವವರೆಗೆ ಆಳ ಎಷ್ಟು ಅಂತ ತಿಳಿಯಲಿಲ್ಲ. ಮಾಸ್ಕ್ ಹೋದರೆ ಕಂಪ್ಯೂಟರೂ ಹೋದಂತೆ. ಹಳೆಯ ಕೈ ಕಂಪ್ಯೂಟರ್ ಮಾರಬೇಡಿ, ಸರ್. ದಿನದ ಮೊದಲ ಡೈವ್‌ನಿಂದಲೇ ಅದನ್ನೂ ಕಟ್ಟಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ದೇಹದಲ್ಲಿ ಎಷ್ಟು ನೈಟ್ರೋಜನ್ ಸೇರಿದೆ ಎಂಬ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ಫುಜೈರಾದಿಂದ:
ನನ್ನದು ಶಿಯರ್‌ವಾಟರ್ ನರ್ಡ್ 2. ಇದು ಮಾಸ್ಕ್ ಮೇಲಲ್ಲ, ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರ್ ಬಳಿ ಕೂರುತ್ತದೆ. ಮಾಸ್ಕ್ ಜಾರಿದರೂ ಇರುತ್ತದೆ. ಆದರೆ ಗಾಳಿ ಮುಗಿದವರಿಗೆ ಬಾಯಲ್ಲಿರುವ ರೆಗ್ಯುಲೇಟರನ್ನೇ ಕೊಡುವ ಪದ್ಧತಿ ನಮ್ಮದು. ಕೊಟ್ಟರೆ ಕಂಪ್ಯೂಟರೂ ಅವರ ಜೊತೆ ಹೋಗುತ್ತದೆ! ಆದ್ದರಿಂದ ಕೈಗೂ ಒಂದು ಕಟ್ಟಿರುತ್ತೇನೆ. ಎರಡರ ಲೆಕ್ಕ ಬೇರೆ ಬೇರೆ ಬಂದರೆ, ಆ ಆಳದಲ್ಲಿ ಇನ್ನೂ ಇರಬಹುದಾದ ಸಮಯವನ್ನು ಕಡಿಮೆ ತೋರಿಸುವುದನ್ನೇ ನಂಬುತ್ತೇನೆ.

ಮುರ್ಡೇಶ್ವರದಿಂದ:
ಕೊಳ್ಳುವ ಮುಂಚೆ ಒಂದು ಮಾತು. ಮಾಸ್ಕ್ ಗಾಜಿನ ಒಳಗೆ, ಕೆಳಭಾಗಕ್ಕೆ ಅಂಟಿಸುವ ರೀಡಿಂಗ್ ಲೆನ್ಸ್ ಸಿಗುತ್ತದೆ. ನೀರು ಹಚ್ಚಿ ಒತ್ತಿ, ಪೂರ್ತಿ ಒಣಗಲು ಬಿಡಬೇಕು, ಅಷ್ಟೇ. ಚಾಳೀಸು ಬಂದ ಹಲವರು ಅದರಲ್ಲೇ ಆರಾಮಾಗಿದ್ದಾರೆ. ದೊಡ್ಡ ಅಂಕಿಯ ಬಣ್ಣದ ಸ್ಕ್ರೀನ್ ಇರುವ ಕೈ ಕಂಪ್ಯೂಟರ್ ಕೂಡ ನೋಡಿ. ವರ್ಷಕ್ಕೆ ನಾಲ್ಕು ಸಲ ನೇತ್ರಾಣಿಗೆ ಬರುವವರಿಗೆ ಲಕ್ಷದ ಸಾಮಾನು ಜಾಸ್ತಿಯೇ ಆಯಿತು ಅಂತ ನನ್ನ ಅನಿಸಿಕೆ.

ಪ್ರಶ್ನೆ ಕೇಳಿದವರು:
ಅಂಟಿಸುವ ಲೆನ್ಸ್ ವಿಷಯ ಗೊತ್ತೇ ಇರಲಿಲ್ಲ! ಮೇಡಂ, ನನಗೆ ದೂರದ್ದೂ ಮೈನಸ್ ಎರಡು ಪವರ್ ಇದೆ. ಹಡ್ ಕಾಣುತ್ತದಾ?

ಮೈಸೂರಿನಿಂದ:
ಅಂಕಿ ದೂರದಲ್ಲಿ ಇದ್ದಂತೆ ಕಾಣುವುದರಿಂದ ದೂರದ ಪವರ್ ಸರಿಪಡಿಸಲೇಬೇಕು. ಪವರ್ ಗಾಜಿನ ಮಾಸ್ಕ್ ಹಾಕಿಕೊಳ್ಳಿ. ಹಡ್ ಎಲ್ಲ ಮಾಸ್ಕಿಗೂ ಸರಿಯಾಗಿ ಕೂರುವುದಿಲ್ಲ, ನಿಮ್ಮದನ್ನೇ ತೆಗೆದುಕೊಂಡು ಹೋಗಿ ಜೋಡಿಸಿ ನೋಡಿ. ಸದ್ಯಕ್ಕೆ ಲೆನ್ಸ್ ಅಂಟಿಸಿ. ಮಳೆಗಾಲ ಮುಗಿದ ಮೇಲೆ ನಾನೂ ನೇತ್ರಾಣಿಗೆ ಬರುತ್ತೇನೆ. ಬೋಟ್ ಹತ್ತುವ ಮುಂಚೆ ಈಜುಕೊಳದಲ್ಲಿ ನನ್ನ ಹಡ್ ಒಮ್ಮೆ ಹಾಕಿಕೊಂಡು ನೋಡುವಿರಂತೆ.