ಟೆಕ್ಸಸ್ ಟಿಂಟ್, ಕ್ಯಾಲಿಫೋರ್ನಿಯಾ ರಸ್ತೆ, ಮಗಳ ಡ್ರೈವಿಂಗ್

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನ ಆಸ್ಟಿನ್‌ನಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬರ್ತಿರೋ ಕುಟುಂಬದವರು ಹೋದ ವಾರ ಇಲ್ಲಿ ಕೇಳಿದ್ರು, ಕಾರು ತರೋದಾ, ಅಲ್ಲೇ ಮಾರೋದಾ ಅಂತ. ಸ್ಕೂಲು, ಬಾಡಿಗೆ, ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಕಾರಿನ ಗಾಜಿನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ನಾವು ಎಡವಿದ್ದೇ ಅಲ್ಲಿ, ಅದಕ್ಕೇ ಬರೀತಿದ್ದೀನಿ.

ನಾವು ಮೊದಲಿದ್ದ ಟೆಕ್ಸಸ್‌ನ ಪ್ಲೇನೋದ ಬಿಸಿಲು ಕಂಡವರಿಗೆ ಗೊತ್ತು. ಮಧ್ಯಾಹ್ನ ಮಗನನ್ನ ಕಾರ್ ಸೀಟಲ್ಲಿ ಕೂರಿಸೋಕೆ ಹೋದ್ರೆ ಬಕಲ್ ಮುಟ್ಟಿದ ಕೈ ಚುರ್ ಅನ್ನೋದು. ಕಾರು ತಗೊಂಡ ವಾರವೇ ನಾಲ್ಕೂ ಡೋರಿನ ಗಾಜಿಗೆ ಟಿಂಟ್, ಅಂದ್ರೆ ಬಿಸಿಲು ತಡೆಯೋ ಕಪ್ಪು ಫಿಲ್ಮ್, ಹಾಕಿಸಿದ್ವಿ. ಟೆಕ್ಸಸ್‌ನಲ್ಲಿ ಮುಂದಿನ ಡೋರಿನ ಗಾಜು, ಫಿಲ್ಮ್ ಎರಡೂ ಸೇರಿ ಶೇ. 25ರಷ್ಟು ಬೆಳಕು ಬಿಟ್ಟರೆ ಸಾಕು. ನಮ್ಮದು ಶೇ. 30 ಇತ್ತು, ಅಲ್ಲಿ ಯಾರೂ ಏನೂ ಅಂದಿರಲಿಲ್ಲ.

ಕ್ಯಾಲಿಫೋರ್ನಿಯಾಗೆ ಬಂದು ಎರಡು ತಿಂಗಳು ತುಂಬಿರಲಿಲ್ಲ, ಮಗನನ್ನ ಸ್ಕೂಲಿಗೆ ಬಿಟ್ಟು ಬರುವಾಗ ಹಿಂದೆ ಲೈಟ್ ಹೊಳೀತು. ನನಗೆ ಕೈಕಾಲೇ ಆಡಲಿಲ್ಲ. ಆಫೀಸರ್ ಸಮಾಧಾನವಾಗೇ ಮಾತಾಡಿದ್ರು, ಮುಂದಿನ ಎರಡು ಗಾಜು ಇಲ್ಲಿ ನಡೆಯಲ್ಲ ಅಂತ ಟಿಕೆಟ್ ಬರೆದುಕೊಟ್ರು. ಅದು ಫಿಕ್ಸ್-ಇಟ್ ಟಿಕೆಟ್. ಫಿಲ್ಮ್ ಕೀಳಿಸಿ, ಸರಿಮಾಡಿದ್ದಕ್ಕೆ ಅಧಿಕಾರಿ ಹತ್ರ ಸಹಿ ಹಾಕಿಸಿ, ಕೋರ್ಟಿಗೆ 25 ಡಾಲರ್ ಕಟ್ಟಿದ್ರೆ ಮುಗೀತು. ಹಬೆ ಬಿಟ್ಟು ಎಳೆದಾಗ ಫಿಲ್ಮ್ ಬಂತು, ಅಂಟು ಮಾತ್ರ ಗಾಜಲ್ಲೇ ಉಳೀತು. ನಮ್ಮನೆಯವರು ಒಂದು ಶನಿವಾರ ಪೂರ್ತಿ ಕೂತು ಅದನ್ನ ಕೆರೆದರು.

ಇಲ್ಲಿನ ಲೆಕ್ಕ ಬಿಡಿಸಿ ಹೇಳ್ತೀನಿ. ಮುಂದಿನ ಡೋರಿಗೆ ಹಾಕೋ ಫಿಲ್ಮ್ ಬಣ್ಣ ಇಲ್ಲದ್ದಾಗಿರಬೇಕು, ಅದೊಂದೇ ಶೇ. 88 ಬೆಳಕು ಬಿಡಬೇಕು, ಗಾಜಿನ ಜೊತೆ ಸೇರಿ ಶೇ. 70ಕ್ಕಿಂತ ಕಮ್ಮಿ ಆಗಬಾರದು. ಕಂಪನಿಯಿಂದ ಬರೋ ಗಾಜೇ ಸ್ವಲ್ಪ ಬೆಳಕು ತಡೆಯುತ್ತೆ. ಗಾಜು ಶೇ. 80 ಬಿಟ್ರೆ, ಅದರಲ್ಲಿ ಶೇ. 88 ಅಂದ್ರೆ 70.4, ಅಲ್ಲಿಗಲ್ಲಿಗೆ ಪಾಸು. ಮಕ್ಕಳಿರೋರಿಗೆ ಸಮಾಧಾನದ ಸಂಗತಿ ಅಂದ್ರೆ ಹಿಂದಿನ ಡೋರು, ಹಿಂದಿನ ಗಾಜಿಗೆ ಎಷ್ಟು ಕಪ್ಪಾದರೂ ಪರವಾಗಿಲ್ಲ, ಎರಡೂ ಕಡೆ ಸೈಡ್ ಮಿರರ್ ಇರಬೇಕು ಅಷ್ಟೇ. ವಿಂಡ್‌ಶೀಲ್ಡಿನಲ್ಲಿ ಮೇಲಿನ ಒಂದು ಪಟ್ಟಿಗಷ್ಟೇ ಬಣ್ಣ. ಚರ್ಮಕ್ಕೆ ಬಿಸಿಲು ಬೀಳುತ್ತೆ ಅನ್ನೋ ಚಿಂತೆ ಇದ್ರೆ ಯುವಿ, ಅಂದ್ರೆ ಬಿಸಿಲಿನ ನೇರಳಾತೀತ ಕಿರಣ, ತಡೆಯೋ ಬಣ್ಣ ಇಲ್ಲದ ಫಿಲ್ಮ್ ಸಿಗುತ್ತೆ. ಕಪ್ಪಿದ್ರೇನೇ ಯುವಿ ತಡೆಯೋದು ಅಂತ ನಾನೂ ಅಂದುಕೊಂಡಿದ್ದೆ, ಅದು ತಪ್ಪು.

ಊರಲ್ಲೂ ಇದೇನು ಹೊಸದಲ್ಲ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬೇಡ ಅಂದಾಗ ನಮ್ಮಪ್ಪನೂ ಮೈಸೂರಲ್ಲಿ ಕಾರಿನ ಫಿಲ್ಮ್ ಕೀಳಿಸಿದ್ರು. ಅಲ್ಲಿನ ನಿಯಮದಲ್ಲಿ ಮುಂದಿನ, ಹಿಂದಿನ ಗಾಜು ಶೇ. 70 ಬೆಳಕು ಬಿಡಬೇಕು, ಪಕ್ಕದ ಗಾಜು ಶೇ. 50.

ಟಿಂಟ್‌ಗಿಂತ ನನ್ನ ಮನಸ್ಸಲ್ಲಿ ಕೂತಿರೋದು ಬೇರೆ. ಮಗಳಿಗೆ ಈಗ ಹದಿನಾರು. ಲೈಸೆನ್ಸಿಗೆ ಮುಂಚೆ ದೊಡ್ಡವರ ಜೊತೆ 50 ಗಂಟೆ ಓಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಅತ್ತೆ ಊರಿಂದ ಬಂದಾಗ ಚಾಮುಂಡಿ ಬೆಟ್ಟದಲ್ಲಿ ಪೂಜೆ ಮಾಡಿಸಿದ್ದ ಪದಕ ತಂದು, ಅರಿಶಿನದ ದಾರದಲ್ಲಿ ಒಳಗಿನ ಕನ್ನಡಿಗೆ ಕಟ್ಟಿದ್ರು. ಒಂದು ಸಂಜೆ ಮಗಳು ಎಡಕ್ಕೆ ತಿರುಗಿಸ್ತಿದ್ಲು, ಪದಕ ಒಂದು ಸಲ ಜೋರಾಗಿ ತೂಗಿತು. ಅಷ್ಟರಲ್ಲಿ ಕ್ರಾಸ್‌ವಾಕ್ ಮೇಲೆ ಸ್ಟ್ರೋಲರ್ ತಳ್ಕೊಂಡು ಒಬ್ಬರು ಇಳಿದಿದ್ರು. ನಾನು "ನಿಲ್ಸು" ಅಂತ ಕೂಗಿದೆ, ಅವಳು ಬ್ರೇಕ್ ಒತ್ತಿದಳು. ಏನೂ ಆಗಲಿಲ್ಲ. ಆದರೆ ಮಗಳು "ಅಮ್ಮ, ನನಗೆ ಅವರು ಕಾಣಿಸಲೇ ಇಲ್ಲ" ಅಂದಿದ್ದು ಈಗಲೂ ಕಿವಿಯಲ್ಲಿದೆ. ಡ್ರೈವರಿನ ನೋಟಕ್ಕೆ ಅಡ್ಡ ಬರೋ ಯಾವ ವಸ್ತುವೂ ಕೂಡದು ಅಂತ ಇಲ್ಲಿನ ವಾಹನ ಕಾನೂನಿನ (ವೆಹಿಕಲ್ ಕೋಡ್) 26708ನೇ ಕಲಮಿನಲ್ಲಿ ಇದೆ. ಮೊದಲು ಓದಿದಾಗ ಪದಕದಂಥದ್ದಕ್ಕೂ ಕಾನೂನಾ ಅನ್ನಿಸಿತ್ತು.

ಅತ್ತೆಗೆ ಹೇಳೋದೇ ಕಷ್ಟವಾಯ್ತು. ಹಾಗಾದ್ರೆ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸು ಅಂದ್ರು. ಪ್ಯಾಸೆಂಜರ್ ಕಡೆ ಏರ್‌ಬ್ಯಾಗ್ ಅಲ್ಲಿಂದಲೇ ಸಿಡಿಯೋದು, ಆಗ ಅಲ್ಲಿರೋ ಪದಕ ಕಲ್ಲು ಬೀಸಿದ ಹಾಗೆ ಮುಖಕ್ಕೆ ಬರುತ್ತೆ ಅಂತ ಮಗಳೇ ವಿವರಿಸಿದಳು. ಈಗ ಪದಕ ಗೇರ್ ಹಿಂದಿನ ಮುಚ್ಚಳದ ಪೆಟ್ಟಿಗೆಯಲ್ಲಿದೆ. ಹೊರಡೋ ಮುಂಚೆ ಅತ್ತೆ ಮುಚ್ಚಳ ತೆಗೆದು ಕೈಮುಗೀತಾರೆ.

ಫೋನ್ ಸ್ಟ್ಯಾಂಡಿಗೂ ಜಾಗ ನಿಗದಿ ಇದೆ. ವಿಂಡ್‌ಶೀಲ್ಡಿಗೆ ಅಂಟಿಸೋದಾದ್ರೆ ಪ್ಯಾಸೆಂಜರ್ ಕಡೆ ಕೆಳಮೂಲೆಯಲ್ಲಿ 7 ಇಂಚು ಚೌಕ, ಇಲ್ಲವೇ ಡ್ರೈವರ್ ಕಡೆ ಕೆಳಮೂಲೆಯಲ್ಲಿ 5 ಇಂಚು ಚೌಕ, ಏರ್‌ಬ್ಯಾಗ್ ಬಿಚ್ಚಿಕೊಳ್ಳೋ ಜಾಗದಿಂದ ಆಚೆ. ಕಣ್ಣೆದುರಿಗೇ ನಡುಮಧ್ಯ ಸಕ್ಷನ್ ಕಪ್ ಒತ್ತೋ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ ಹೇಳಿ. ಫೋನ್ ಸ್ಟ್ಯಾಂಡಲ್ಲಿರಬೇಕು, ಒಂದು ಸಲ ತಟ್ಟಬಹುದು ಇಲ್ಲ ಸರಿಸಬಹುದು, ಅಷ್ಟೇ. ಕೈಯಲ್ಲಿ ಹಿಡಿದು ಬರೀ ಮ್ಯಾಪ್ ನೋಡಿದ್ರೂ ತಪ್ಪೇ ಅಂತ 2025ರ ಜೂನ್‌ನಲ್ಲಿ ಇಲ್ಲಿನ ಅಪೀಲು ಕೋರ್ಟ್ ತೀರ್ಪು ಕೊಟ್ಟಿದೆ. ಮೂಲ ದಂಡ 20 ಡಾಲರ್ ಅಂತ ಹಗುರ ಮಾಡಬೇಡಿ, ಶುಲ್ಕಗಳೆಲ್ಲ ಸೇರಿ ಅದರ ಹಲವು ಪಟ್ಟಾಗುತ್ತೆ. 36 ತಿಂಗಳೊಳಗೆ ಮತ್ತೆ ಸಿಕ್ಕಿಬಿದ್ರೆ ಲೈಸೆನ್ಸಿಗೆ ತಪ್ಪಿನ ಪಾಯಿಂಟ್ ಕೂಡ ಬೀಳುತ್ತೆ.

18 ತುಂಬದ ಮಕ್ಕಳಿಗೆ ಸ್ಟ್ಯಾಂಡೂ ಇಲ್ಲ, ಬ್ಲೂಟೂತೂ ಇಲ್ಲ. ತುರ್ತು ಕರೆ ಬಿಟ್ಟರೆ ಓಡಿಸುವಾಗ ಫೋನ್ ಮುಟ್ಟೋ ಹಾಗೇ ಇಲ್ಲ. ಮಗಳು ಹೊರಡೋ ಮುಂಚೆ ದಾರಿಯನ್ನ ಒಂದು ಚೀಟಿಯಲ್ಲಿ ಬರ್ಕೊಂಡು ಬಾಯಲ್ಲಿ ಹೇಳ್ಕೋತಾಳೆ, ಫೋನ್ ಹಿಂದಿನ ಸೀಟಿನ ಬ್ಯಾಗಲ್ಲಿ.

ಎಡಿಸನ್, ನ್ಯೂಜೆರ್ಸಿಯಿಂದ ಬಂದ ಕಾಮೆಂಟ್: ಅಕ್ಕ, ತುಂಬಾ ಉಪಯೋಗ ಆಯ್ತು. ನಮ್ಮಲ್ಲಿ ಇನ್ನೂ ಬಿಗಿ, ಡಾಕ್ಟರ್ ಕಾರಣದ ಅನುಮತಿ ಇಲ್ಲದೆ ಮುಂದಿನ ಡೋರಿಗೆ ಕಾರು ತಗೊಂಡ ಮೇಲೆ ಟಿಂಟ್ ಹಾಕಿಸೋ ಹಾಗಿಲ್ಲ. ಪಕ್ಕದ ನ್ಯೂಯಾರ್ಕಲ್ಲಿ ಶೇ. 70 ಬೆಳಕು ಬಿಡಬೇಕು, 2017ರಿಂದ ವರ್ಷದ ಇನ್ಸ್‌ಪೆಕ್ಷನ್ನಿನಲ್ಲೇ ಅಳೀತಾರೆ.

ಶಿಕಾಗೋದಿಂದ ಬಂದ ಕಾಮೆಂಟ್: ಕನ್ನಡಿಗೆ ನೇತುಹಾಕಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಕಾರು ನಿಲ್ಲಿಸೋ ಹಾಗಿಲ್ಲ ಅಂತ ಇಲ್ಲಿನಾಯ್‌ನಲ್ಲಿ 2024ರ ಜನವರಿಯಿಂದ ಕಾನೂನು ಬಂದಿದೆ. ನಮ್ಮ ಕಾರಲ್ಲಿ ಗಣಪತಿ ಹಾಗೇ ಇದ್ದಾನೆ, ತೆಗೀಬೇಕಾ?

ಶಿಕಾಗೋ ಅಣ್ಣನಿಗೆ ನನ್ನ ಉತ್ತರ: ಪೊಲೀಸರು ನಿಲ್ಲಿಸದೇ ಇರಬಹುದು, ದಾರ ತೂಗೋದು ನಿಲ್ಲಲ್ಲ ಅಣ್ಣ. ನಿಮ್ಮ ಮನೇಲೂ ಓಡಿಸೋ ವಯಸ್ಸಿನ ಮಕ್ಕಳಿದ್ರೆ ದಯವಿಟ್ಟು ತೆಗೆದು ಕೆಳಗಿಡಿ.

ಆಸ್ಟಿನ್‌ನವರೇ, ಕಾರು ಧಾರಾಳವಾಗಿ ತನ್ನಿ. ಹೊರಡೋ ಮುಂಚೆ ಮುಂದಿನ ಎರಡು ಡೋರಿನ ಫಿಲ್ಮ್ ಮಾತ್ರ ಅಲ್ಲೇ ಕೀಳಿಸಿಬಿಡಿ, ಹಿಂದಿನದು ಮಗುವಿಗೆ ಇರಲಿ.