ಬೆಳ್ಳಕ್ಕಿಗೆ ನೀಲಿ ಹಾಕಿದರೆ

"ನೋಡಿ ವೆಂಕಣ್ಣ, ಬೆಳ್ಳಕ್ಕಿ!" ಸೀನ ಮೊಬೈಲನ್ನು ಇಡ್ಲಿಗೂ ಬಾಯಿಗೂ ನಡುವೆ ತಂದು ಹಿಡಿದ.

ವೆಂಕಣ್ಣ ಕನ್ನಡಕ ಏರಿಸಿದರು. "ಎಲ್ಲಿ? ಯಾರೋ ಕೆರೆಗೆ ಪಂಚೆ ಎಸೆದ ಹಾಗಿದೆ."

"ಅದೇ ಹಕ್ಕಿ! ಸುತ್ತ ನೀರು ಕಪ್ಪು. ಕಪ್ಪು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಬಿಟ್ಟುಕೊಂಡಿತು. ಗರಿಯೆಲ್ಲ ಸುಟ್ಟುಹೋಯಿತು."

"ಅಯ್ಯೋ ಪಾಪ. ಹಕ್ಕಿಗೆ ಗೊತ್ತಾಯಿತಾ?"

"ಮರುದಿನ ಕ್ಯಾಮೆರಾದಲ್ಲಿ ಬೆಳಕನ್ನು ಮೈನಸ್ ಒಂದಕ್ಕೆ ಇಳಿಸಿದೆ. ಇದು ನೋಡಿ."

"ಇದು ಮಾಸಿದೆಯಲ್ಲೋ. ಮನೆಯಲ್ಲಿ ಏನಂದರು?"

"ನೀಲಿಯಲ್ಲಿ ಅದ್ದಿ ತೆಗೀರಿ ಅಂದಳು."

"ಬುದ್ಧಿವಂತೆ. ಲೆನ್ಸಿನ ಸಾಲದಲ್ಲಿ ಹತ್ತು ರೂಪಾಯಿ ಸೇರಿಸಿದ್ದರೆ ನೀಲಿಯೂ ಬರುತ್ತಿತ್ತು."

ಪ್ರಭಾಕರ ಚಟ್ನಿ ಬಿಟ್ಟು ಎದ್ದ. ಅವನು ಚಟ್ನಿ ಬಿಟ್ಟ ಅಂದರೆ ವಿಷಯ ಬಂತು ಅಂತ ಅರ್ಥ. "ಮೊದಲು ಅದು ಯಾವ ಬೆಳ್ಳಕ್ಕಿ ಹೇಳು. ಸಣ್ಣದೋ, ಮಧ್ಯಮವೋ, ದೊಡ್ಡದೋ?"

"ಹಕ್ಕಿಯೋ, ಬನಿಯನ್ನೋ?" ಎಂದರು ವೆಂಕಣ್ಣ.

"ಕೊಕ್ಕಿನ ಬುಡದಿಂದ ಹಿಂದಕ್ಕೆ ಒಂದು ಬಾಯಿಗೆರೆ ಇರುತ್ತೆ. ಅದು ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಕೊಕ್ಕು ಕಪ್ಪಗಿದ್ದು ಪಾದ ಹಳದಿ ಇದ್ದರೆ ಸಣ್ಣದು. ಆ ಹಳದಿ ಪಾದದಲ್ಲೇ ಅದು ಕೆಸರು ಕಲಕುತ್ತೆ. ಗಾಬರಿಬಿದ್ದು ಹೊರಗೆ ಬಂದ ಮೀನನ್ನು ಗಬಕ್ಕನೆ ಹಿಡಿಯುತ್ತೆ."

"ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಥರ."

"ನಾನಂತೂ ಐದು ಗಂಟೆಗೇ ಎದ್ದು, ಹಕ್ಕಿಗೆ ಕಾಣಬಾರದು ಅಂತ ಹಸಿರು ಮಚ್ಚೆಯ ಅಂಗಿ ಹಾಕಿಕೊಂಡು..." ಎಂದ ಸೀನ.

"ಎಮ್ಮೆ ಬೆನ್ನಿನ ಮೇಲೆ ಕೂತು ಸವಾರಿ ಮಾಡುವ ಜಾತಿ ಅದು. ಅದಕ್ಕೆ ನಿನ್ನ ಭಯವೇನೋ? ಎಮ್ಮೆಗೆ ಬೇಕಾದರೆ ಸ್ವಲ್ಪ ಗಾಬರಿ ಆಗಿರಬಹುದು."

"ಸವಾರಿ ಮಾಡುವುದು ಗೋವಕ್ಕಿ, ಅದು ಬೇರೆ," ಪ್ರಭಾಕರ ತಿದ್ದಿದ. "ಮರಿ ಮಾಡುವ ಕಾಲಕ್ಕೆ ಅದರ ತಲೆ, ಕತ್ತು ಕೇಸರಿ ಆಗುತ್ತೆ. ದೊಡ್ಡದಕ್ಕೆ ಬೆನ್ನಿನ ಮೇಲೆ ಜಾಲರಿಯಂಥ ಗರಿ ಬರುತ್ತೆ. ನೂರು ಚಿಲ್ಲರೆ ವರ್ಷದ ಹಿಂದೆ ಯುರೋಪಿನ ಹೆಂಗಸರ ಟೋಪಿಗೆ ಆ ಗರಿಯೇ ಬೇಕಿತ್ತು. ತೂಕಕ್ಕೆ ಚಿನ್ನಕ್ಕಿಂತ ದುಬಾರಿ. ಗೂಡಲ್ಲಿ ಕೂತ ಹಕ್ಕಿಯನ್ನೇ ಹೊಡೆಯುತ್ತಿದ್ದರು."

"ಆಗ ಗರಿ ದುಬಾರಿ, ಈಗ ಲೆನ್ಸ್ ದುಬಾರಿ. ಹಕ್ಕಿಗೆ ಎರಡರಲ್ಲೂ ಕಮಿಷನ್ ಇಲ್ಲ ನೋಡು."

ಸೀನ ಸೋಲುವವನಲ್ಲ. ಮೊಬೈಲಲ್ಲಿ ಇನ್ನೊಂದು ಫೋಟೋ ತೋರಿಸಿದ. "ಇದು ಬೆಳ್ಳಂದೂರು ಕೆರೆ. ಮಳೆ ಬಂದ ಮರುದಿನ. ಹಕ್ಕಿ ಎಲ್ಲಿದೆ ಹೇಳಿ!"

ಮೂವರೂ ಬಗ್ಗಿದರು. ಇಡೀ ಪರದೆ ಬಿಳಿ. ನೊರೆಯೋ ನೊರೆ. 2015ರಲ್ಲಿ ಬೆಂಕಿ ಹತ್ತಿಕೊಂಡಿತ್ತಲ್ಲ, ಅದೇ ನೊರೆ. ಹಿಗ್ಗಿಸಿ ನೋಡಿದರು, ತಿರುಗಿಸಿ ನೋಡಿದರು. ಪ್ರಭಾಕರ ಬಾಯಿಗೆರೆ ಹುಡುಕಿದ. ಹಕ್ಕಿಯೇ ಸಿಗಲಿಲ್ಲ.

"ನನಗೂ ಆಮೇಲೆ ಸಿಗಲಿಲ್ಲ," ಸೀನ ಒಪ್ಪಿಕೊಂಡ.

"ಇದಕ್ಕೆ ನೀಲಿ ಬೇಡ ಬಿಡು," ಎಂದರು ವೆಂಕಣ್ಣ. "ಊರಿನ ಸೋಪೆಲ್ಲ ಆಗಲೇ ಬಿದ್ದಿದೆ."

ಕಾಫಿ ಬಂತು. ವೆಂಕಣ್ಣ ಲೋಟ ಹಿಡಿದುಕೊಂಡು ಸುಮ್ನೆ ಕೂತರು.

"ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗುವಾಗ ನಡುವೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳ ತುಂಬ ಇವೇ. ಹಸಿರು ಕಾಣುತ್ತಿರಲಿಲ್ಲ. ಟಿಕೆಟ್ಟಿನ ದುಡ್ಡಲ್ಲೇ ಹಕ್ಕಿಯೂ ಸೇರಿತ್ತು. ನಾವು ಹುಡುಗರು ಕಿಟಕಿಯಿಂದ ಎರಡೂ ಕೈ ಹೊರಗೆ ಹಾಕಿ ಉಗುರು ತೋರಿಸಿ, ಬಿಳಿ ಕೊಡು ಬಿಳಿ ಕೊಡು ಅಂತ ಕಿರುಚುತ್ತಿದ್ದೆವು. ಕಂಡಕ್ಟರ್ ಬೈಯುತ್ತಿದ್ದ. ನಾಲ್ಕು ದಿನ ಬಿಟ್ಟು ನೋಡಿದರೆ ಉಗುರಿನ ಮೇಲೆ ಬಿಳಿ ಚುಕ್ಕೆ ಬಂದೇ ಇರುತ್ತಿತ್ತು."

"ಅದು ಉಗುರಿನ ಬುಡಕ್ಕೆ ಪೆಟ್ಟು ಬಿದ್ದರೆ ಬರುವುದು..." ಪ್ರಭಾಕರ ಶುರು ಮಾಡಿದ.

"ನೀನು ಚಟ್ನಿ ತಿನ್ನು."

ಸೀನ ಮೊಬೈಲ್ ಬೋರಲು ಹಾಕಿ ತನ್ನ ಬೆರಳು ನೋಡಿಕೊಂಡ. ವೆಂಕಣ್ಣನೂ ನೋಡಿಕೊಂಡರು. ಒಂದು ಗಳಿಗೆ ಬಿಟ್ಟು ಪ್ರಭಾಕರನೂ, ಯಾರಿಗೂ ಕಾಣದ ಹಾಗೆ.

ತಟ್ಟೆ ಎತ್ತಲು ಬಂದ ಮಾಣಿ ಗಾಬರಿಯಾದ. "ಏನು ಸಾರ್, ಸಾಂಬಾರಲ್ಲಿ ಏನಾದರೂ ಸಿಕ್ತಾ?"