ತೋಟದ ಮನೆಯ ಸೋಲಾರ್ ದೀಪಕ್ಕೆ ಎಷ್ಟು ಆಂಪಿಯರ್ ಅವರ್ ಬ್ಯಾಟರಿ ಬೇಕು?

ಶಿರಸಿ ತೋಟಿಗ: ಕರೆಂಟ್ ಲೈನ್ ಇಲ್ಲದ ತೋಟದ ಮನೆ. 5 ವ್ಯಾಟಿನ 4 ಎಲ್‌ಇಡಿ, ರಾತ್ರಿ 5 ಗಂಟೆ ಉರಿಯಬೇಕು. ಜೋರು ಮಳೆಯಲ್ಲಿ 3 ದಿನ ಬಿಸಿಲಿಲ್ಲದಿದ್ದರೂ ದೀಪ ನಿಲ್ಲಬಾರದು. ಹಳೇ ಕಾರ್ ಬ್ಯಾಟರಿ ಸಾಕಾಗುತ್ತದಾ? ಇನ್ವರ್ಟರ್ ಬೇಕಾ?

ಹೊಳೆಸಾಲು: ದಿನಕ್ಕೆ 4×5×5 = 100 ವ್ಯಾಟ್ ಅವರ್, 3 ದಿನಕ್ಕೆ 300. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಎರಡು ಪಟ್ಟು, ಅಂದರೆ 600 ವ್ಯಾಟ್ ಅವರ್ ಬೇಕು; 12 ವೋಲ್ಟಿನ ಬ್ಯಾಟರಿಗೆ 600 ÷ 12 = 50 ಆಂಪಿಯರ್ ಅವರ್; ವೈರಿನ ನಷ್ಟ, ಬ್ಯಾಟರಿಗೆ ವಯಸ್ಸಾಗುವುದು ಎಲ್ಲ ಸೇರಿಸಿ 60ರ ಟ್ಯೂಬುಲರ್ (ಆಳಕ್ಕೆ ಖಾಲಿಯಾದರೂ ತಾಳುವ ಲೆಡ್ ಆಸಿಡ್ ಬ್ಯಾಟರಿ) ತಗೊಳ್ಳಿ. ಕಾರ್ ಬ್ಯಾಟರಿ ಖಂಡಿತ ಬೇಡ. ಅದರ ತೆಳು ಪ್ಲೇಟುಗಳು ಸ್ಟಾರ್ಟಿಂಗಿಗೆ ಮಾಡಿದ್ದು, ದಿನಾ ಆಳಕ್ಕೆ ಖಾಲಿಯಾದರೆ ಬೇಗ ಉದುರುತ್ತವೆ.

ಪ್ಯಾನೆಲ್ 100 ವ್ಯಾಟಿನದು ಇರಲಿ. ಮಳೆಗಾಲಕ್ಕೆ ದಿನಕ್ಕೆ 2 ಗಂಟೆಯ ಪೂರ್ಣ ಬಿಸಿಲೆಂದಷ್ಟೇ ಲೆಕ್ಕ ಹಿಡಿಯಿರಿ. ಅಡಿಕೆ ಮರದ ನೆರಳು ಒಂದು ಮೂಲೆಗೆ ಬಿದ್ದರೂ ಚಾರ್ಜ್ ಸಿಕ್ಕಾಪಟ್ಟೆ ಕುಸಿಯುತ್ತದೆ. ಅರೆಚಾರ್ಜಿನಲ್ಲೇ ವಾರಗಟ್ಟಲೆ ಉಳಿದ ಬ್ಯಾಟರಿಯಲ್ಲಿ ಸಲ್ಫೇಟ್ ಗಟ್ಟಿಯಾಗುತ್ತದೆ. ಬ್ಯಾಟರಿ ಸಾಯುವುದು ಹೆಚ್ಚಾಗಿ ಹೀಗೇ.

ಕಾರವಾರ ವೈರಿಂಗ್: ಇನ್ವರ್ಟರ್ ಬೇಡವೇ ಬೇಡ, 12 ವೋಲ್ಟಿನ ಡಿಸಿ ಬಲ್ಬ್ ಹಾಕಿ. ಖಾಲಿ ನಿಂತಾಗ ಇನ್ವರ್ಟರ್ 8 ವ್ಯಾಟ್ ಎಳೆದರೂ ದಿನಕ್ಕೆ 192 ವ್ಯಾಟ್ ಅವರ್, ದೀಪಕ್ಕಿಂತ ಹೆಚ್ಚು! 15 ಮೀಟರ್ ದೂರಕ್ಕೆ 2.5 ಚದರ ಮಿಮೀ ತಾಮ್ರದ ವೈರ್, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್. ನಮ್ಮ ಕರಾವಳಿಯ ಉಪ್ಪುಗಾಳಿಗಾದರೆ ಟರ್ಮಿನಲ್‌ಗೆ ವ್ಯಾಸಲಿನ್ ಸವರಲೇಬೇಕು.

ಹೊಳೆಸಾಲು: ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ 12.8 ವೋಲ್ಟ್, 30 ಆಂಪಿಯರ್ ಅವರ್ ಸಾಕು. 80 ಶೇಕಡಾ ಬಳಸಿದರೂ 307 ವ್ಯಾಟ್ ಅವರ್ ಸಿಗುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ನಿಯಂತ್ರಿಸುವ ಕಂಟ್ರೋಲರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ನೋಡಿ, ಈಕ್ವಲೈಸ್ (ಲೆಡ್ ಆಸಿಡ್‌ಗೆ ಆಗಾಗ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಬಂದ್ ಇರಲಿ.